ಕನ್ನಡಿ ಹಜಾರದಲ್ಲಿ ಅತ್ತೆಯ ಬರಿಗಾಲು

ಧಾರವಾಡದ ನಮ್ಮ ಕಾನ್ವೆಂಟಿನ ಹೊಲಿಗೆ ಕೋಣೆಯ ಗೋಡೆಗೆ ಹಳೆಯ ಕ್ಯಾಲೆಂಡರಿನ ಒಂದು ಚಿತ್ರ ಅಂಟಿಸಿತ್ತು: ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಕನ್ನಡಿ ಹಜಾರ. ಬಟ್ಟೆಯ ಅಂಚು ಹೊಲಿದು ಮುಗಿಸಿದವರು ಅದನ್ನು ನೋಡುತ್ತಾ ಕೂರಬಹುದು, ಮಾತಾಡಕೂಡದು ಅನ್ನುತ್ತಿದ್ದರು ಸಿಸ್ಟರ್. ನಾನು ಬೇಗ ಹೊಲಿಯಲು ಕಲಿತದ್ದೇ ಅದಕ್ಕಾಗಿ. ಆ ಹಜಾರದೊಳಗೆ ಒಮ್ಮೆ ನಿಲ್ಲಬೇಕೆಂಬ ಆಸೆ ಮದುವೆಯಾಗಿ ಅಬುಧಾಬಿಗೆ ಬಂದಮೇಲೂ ಹೋಗಲಿಲ್ಲ. ಹೋದ ರಜೆಯಲ್ಲಿ ಪ್ಯಾರಿಸ್ ಪ್ರವಾಸ ಗಟ್ಟಿಯಾದಾಗ ಇವರಿಗೆ ಹೇಳಿದ್ದು ಒಂದೇ ಮಾತು: "ಬ್ಯಾರೆ ಏನ್ ಬಿಟ್ಟರೂ ಅದನ್ನ ಬಿಡೂದು ಬ್ಯಾಡ್ರಿ."

ಜೊತೆಗೆ ಅತ್ತೆ, ಹತ್ತು ವರ್ಷದ ಮಗಳು. ಅತ್ತೆಗೆ ಮಂಡಿನೋವು. ಮೆತ್ತನೆಯ ಚಪ್ಪಲಿ ಇಲ್ಲದೆ ಅಡುಗೆಮನೆಯಲ್ಲೂ ಓಡಾಡಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಒಂದು ಜಾಗಕ್ಕೆ ಮಾತ್ರ ವಿನಾಯಿತಿ. ಊರಿನಿಂದ ಯಾರೇ ಬರಲಿ, ಅಬುಧಾಬಿಯ ಖಲೀಫಾ ಸಿಟಿಯ ನಮ್ಮ ಮನೆಯಿಂದ ಅವರನ್ನು ದೊಡ್ಡ ಮಸೀದಿ ತೋರಿಸಲು ಕರೆದೊಯ್ಯುತ್ತೇವೆ. ಅಲ್ಲಿ ಅತ್ತೆಯೇ ಗೈಡ್. "ಚಪ್ಪಲಿ ಇಲ್ಲೇ ಬಿಡ್ರಿ, ಯಾರೂ ಒಯ್ಯಂಗಿಲ್ಲ" ಅಂತ ಎಲ್ಲರಿಗಿಂತ ಮೊದಲು ತಾವೇ ಬಿಡುತ್ತಾರೆ.

ಅರಮನೆಯಲ್ಲಿ ಮೊದಲು ಸಿಕ್ಕಿದ್ದು ರಾಜರ ಪ್ರಾರ್ಥನಾ ಮಂದಿರ. ಒಳಗೆ ಬಿಡುವುದಿಲ್ಲ, ಬಾಗಿಲಲ್ಲೇ ನಿಂತು ನೋಡಬೇಕು. ಅತ್ತೆ ಕೈಮುಗಿದರು, ನಾನು ಕಾನ್ವೆಂಟಿನ ಅಭ್ಯಾಸಬಲದಿಂದ ಶಿಲುಬೆಯ ಗುರುತು ಮಾಡಿಕೊಂಡೆ. ಹಿಂದಿನಿಂದ ಜನ ನೂಕಿದರು, ಮುಂದೆ ಹೋದೆವು. ಎರಡು ಕೋಣೆ ದಾಟಿದ ಮೇಲೆ ಮಗಳು ಕೆಳಗೆ ನೋಡಿದಳು.

"ಅಜ್ಜೀ, ವೇರ್ ಆರ್ ಯುವರ್ ಶೂಸ್?"

"ಅಲ್ಲೇ ದೇವ್ರ ಮನಿ ಮುಂದ ಬಿಟ್ಟೀನಿ. ಕಾಲಾಗ ಹಾಕ್ಕೊಂಡು ಕೈ ಮುಗೀತಾರೇನು?"

ಇವರು ತಟ್ಟನೆ ಹಿಂದಕ್ಕೆ ಹೊರಟರು. ನೀಲಿ ಕೋಟಿನ ಕಾವಲಿನ ಹೆಂಗಸು ಅಂಗೈ ಎತ್ತಿದಳು. ಇಲ್ಲಿ ದಾರಿ ಮುಂದಕ್ಕಷ್ಟೇ. ಬೇಕಾದರೆ ಪಕ್ಕದ ಮೆಟ್ಟಿಲಿಳಿದು ಹೊರಗೆ ಹೋಗಿ ಕೇಳಬಹುದು, ಆದರೆ ಅದೇ ಟಿಕೆಟ್ಟಿನಲ್ಲಿ ಮತ್ತೆ ಒಳಗೆ ಬರುವಂತಿಲ್ಲ. ಮಾರನೆಯ ದಿನ ಬೆಳಿಗ್ಗೆ ನಮ್ಮ ವಿಮಾನ. ನಾಲ್ಕು ಬಾಗಿಲುಗಳಾಚೆ ಆ ಹಜಾರದ ಬೆಳಕು ಕಾಣುತ್ತಿತ್ತು. ಅತ್ತೆಯ ಪಾದಗಳನ್ನು ನೋಡಿದೆ. ಬೆಳ್ಳಿಯ ಕಾಲುಂಗುರ, ಒಡೆದ ಹಿಮ್ಮಡಿ.

"ನಡೀರಿ ಅತ್ತಿ, ಹೊರಗ ಹೋಗೂಣು" ಅಂದೆ.

"ಹೊರಗ ಯಾಕವಾ? ನಿನ್ನ ಕನ್ನಡಿ ಎಲ್ಲಿ ಅವ?"

"ಮುಂದ ಅವ. ಆದ್ರ ನಿಮ್ಮ ಮಂಡಿ..."

"ಮಂಡಿ ಎಲ್ಲಿ ಓಡಿ ಹೊಕ್ಕೈತಿ? ಕಟಗಿ ನೆಲಾ ಬೆಚ್ಚಗೈತಿ. ಕೈ ಹಿಡಿ, ನಡಿ."

ಕೈ ಹಿಡಿದೆ. ನಡೆದೆವು.

ಕನ್ನಡಿಗಳು ನಾನಂದುಕೊಂಡಷ್ಟು ಹೊಳೆಯುತ್ತಿರಲಿಲ್ಲ. ಹಳೆಯವು, ಅಲ್ಲಲ್ಲಿ ಮಬ್ಬು. ಆದರೆ ಎದುರಿನ ಕಿಟಕಿಗಳಿಂದ ಇಡೀ ತೋಟದ ಹಸಿರು ಅವುಗಳೊಳಗೆ ಬಂದು ಕೂತಿತ್ತು. ಮಗಳು ತೂಗುದೀಪ ಎಣಿಸುತ್ತಾ ಎರಡು ಸಲ ತಪ್ಪಿದಳು. ಗೋಡೆಯ ಚಿತ್ರದಲ್ಲಿ ಜನರೇ ಇರಲಿಲ್ಲ. ಇಲ್ಲಿ ನೂರಾರು ಜನರ ನಡುವೆ ನಾನಿದ್ದೆ, ಪಕ್ಕದಲ್ಲಿ ಇಳಕಲ್ ಸೀರೆಯ ಅತ್ತೆ. ಅವರು ಕನ್ನಡಿ ನೋಡಿಕೊಂಡು ಸೆರಗು ಸರಿಮಾಡಿಕೊಂಡರು, ಆಮೇಲೆ ನನ್ನ ದುಪಟ್ಟಾ ಎಳೆದು ನೆಟ್ಟಗೆ ಮಾಡಿದರು.

"ನೆಟ್ಟಗ ನಿಂದ್ರು. ಕಣ್ಣ ಒರಸ್ಕೋ. ಫೋಟೋದಾಗ ಅತ್ತಿ ಅಳಿಸ್ಯಾಳ ಅಂತಾರ."

ಹೊರಬಾಗಿಲ ಹತ್ತಿರ ಮಗಳು ತನ್ನ ಶಾಲೆಯ ಫ್ರೆಂಚಿನಲ್ಲಿ ಕಾವಲಿನವನೊಬ್ಬನಿಗೆ ಏನೋ ಹೇಳಿದಳು. ಆತ ಒಳಗೆ ಹೋಗಿ, ಬೂದು ಬಣ್ಣದ ಟ್ರೇಯಲ್ಲಿ ಅತ್ತೆಯ ಹವಾಯಿ ಚಪ್ಪಲಿಗಳನ್ನಿಟ್ಟುಕೊಂಡು ಎರಡೂ ಕೈಯಿಂದ ಹಿಡಿದು ತಂದ. ಕಿರೀಟ ತಂದ ಹಾಗಿತ್ತು. ಅತ್ತೆ ಚೀಲದಿಂದ ಒಂದು ಒಣ ಕಟಕ ರೊಟ್ಟಿ ತೆಗೆದು ಅವನ ಕೈಗಿಟ್ಟರು.

ಮಧ್ಯಾಹ್ನ ಪುಟ್ಟ ರೈಲಿನಲ್ಲಿ, ರಾಣಿಯೊಬ್ಬಳು ಬೇಸರ ಕಳೆಯಲು ಕಟ್ಟಿಸಿಕೊಂಡ ಹಳ್ಳಿಯ ಕಡೆಗೆ ಹೋದೆವು. ಎಲೆಕೋಸಿನ ಮಡಿ, ಮೇಕೆಗಳು, ಹುಲ್ಲಿನ ಸೂರು. ಅತ್ತೆ ಸುತ್ತ ನೋಡಿದರು. "ಅಷ್ಟ ದೊಡ್ಡ ಮನಿ ಬಿಟ್ಟು ಇಲ್ಲಿ ಬಂದು ಕುಂದರತಿದ್ಲಂದ್ರ, ಅಕಿಗೂ ಒಬ್ಬಾಕಿ ಅತ್ತಿ ಇದ್ದಿರಬೇಕು!" ಇವರು ನಕ್ಕು ನಕ್ಕು ಬೆಂಚಿನ ಮೇಲೆ ಕೂತುಬಿಟ್ಟರು.

ಅಬುಧಾಬಿಗೆ ಮರಳಿದ ಮೇಲೆ ಪಕ್ಕದ ವಿಲ್ಲಾದ ಉಡುಪಿ ಕಡೆಯ ಬ್ಯಾರಿ ಹೆಂಗಸು ಖರ್ಜೂರದ ಡಬ್ಬಿ ಹಿಡಿದು ಬಂದರು. "ಅರಮನೆ ಹೇಗುಂಟು ಅಜ್ಜಿ?"

ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾ ಕೂತಿದ್ದ ಅತ್ತೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

"ಕನ್ನಡಿ ಇಕೀನ ಕೇಳವಾ. ನೆಲಾ ಮಾತ್ರ ಭಾಳ ಛಲೋ ಐತಿ."