ಥಂಡಿಯಮ್ಮ ಹಾಕದ ಸಹಿ

ವೀಕ್ಷಣಾಲಯದಲ್ಲಿ ಅವಳನ್ನು ಎಲ್ಲರೂ ಥಂಡಿಯಮ್ಮ ಎನ್ನುತ್ತಿದ್ದರು. ದೂರದರ್ಶಕದ ಕ್ಯಾಮೆರಾಕ್ಕೆ ದ್ರವ ಸಾರಜನಕ ತುಂಬಿ ತಣ್ಣಗಿಡುವುದು ಹದಿನೆಂಟು ವರ್ಷದಿಂದ ಅವಳ ಕೆಲಸ. ಹೆಸರಿಗೆ ಥಂಡಿ, ಬಾಯಿ ಮಾತ್ರ ಕಾದ ಬಾಣಲೆ. ಆ ಬಾಯಿಗೆ ಹೆದರದವನು ಒಬ್ಬನೇ, ಅಲ್ಲಿನ ಹಿರಿಯ ವಿಜ್ಞಾನಿ, ಅವಳ ಅಕ್ಕನ ಗಂಡ. ಕೆಲಸ ಕೊಡಿಸಿದವನೂ ಅವನೇ. ಅದನ್ನು ತಿಂಗಳಿಗೊಮ್ಮೆಯಾದರೂ ಎತ್ತಿ ಆಡದಿದ್ದರೆ ಆ ಪುಣ್ಯಾತ್ಮನಿಗೆ ಉಂಡದ್ದು ಅರಗುತ್ತಿರಲಿಲ್ಲ.

ಆ ಕ್ಯಾಮೆರಾ ನೋಡುವುದು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು, ಅಂದರೆ ಶಾಖವನ್ನು. ತಾನೇ ಬಿಸಿಯಾದರೆ ತೆಗೆದ ಚಿತ್ರವೆಲ್ಲ ಹಾಳು. ಅದು ನೋಡುತ್ತಿದ್ದದ್ದು ಎಲ್ಲೋ ದೂರದಲ್ಲಿ ತನ್ನ ಒಳಗಿನ ಕಾವಿನಿಂದಲೇ ಹೊಳೆಯುವ ಒಂದು ದೈತ್ಯ ಗ್ರಹವನ್ನು. ಅದರ ಸುತ್ತ ಎಲ್ಲೆಲ್ಲೂ ಒಂದೇ ಸಮನಾದ ಮಂಜು ಕವಿದಿದೆ, ಹೊಳಪು ಬದಲಾಗುವುದೇ ಇಲ್ಲ ಎಂದು ಭಾವ ದಪ್ಪ ಪುಸ್ತಕ ಬರೆದು ಹೆಸರು ಮಾಡಿದ್ದ. ಈಗ ನೋಡಿದರೆ ಹನ್ನೊಂದು ದಿನದ ಚಿತ್ರಗಳಲ್ಲಿ ಹೊಳಪು ಒಂಬತ್ತು ಗಂಟೆಗೊಮ್ಮೆ ಏರಿ ಇಳಿಯುತ್ತಿತ್ತು. ಗ್ರಹ ನಿಜ ಹೇಳುತ್ತಿದ್ದರೆ ಪುಸ್ತಕ ಸುಳ್ಳು.

ಬೆಳಿಗ್ಗೆ ಕೋಣೆಗೆ ಕರೆಸಿದ ಭಾವ ಮೇಜಿನ ಮೇಲೆ ಒಂದು ಕಾಗದ ತಳ್ಳಿದ.

"ಸಾರಜನಕ ತುಂಬೋದು ಮರ್ತೆ ಅಂತ ಬರ್ದಿದೀನಿ. ಸಹಿ ಹಾಕು."

"ನಾನು ಯಾವತ್ತು ಮರ್ತೆ?"

"ಯಂತ್ರ ಬಿಸಿಯಾಗಿದೆ. ಇಲ್ದಿದ್ರೆ ಗ್ರಹ ಯಾಕೆ ಹೀಗೆ ಕುಣಿಯುತ್ತೆ?"

"ಅದನ್ನ ಗ್ರಹಾನೇ ಕೇಳಿ."

"ನಾಲಿಗೆ ಬಿಗಿ ಹಿಡಿ! ನಿನಗೆ ಅನ್ನ ಹಾಕಿದ ಕೈ ಇದು."

"ನೀವು ಕೊಡಿಸಿದ್ದು ಕೆಲಸ ಭಾವ. ಅನ್ನ ನಾನೇ ದುಡಿದು ತಿಂದಿದೀನಿ."

ಸಹಿ ಹಾಕಿದರೆ ಹನ್ನೊಂದು ದಿನದ ಚಿತ್ರಗಳು ಕಸದ ಬುಟ್ಟಿಗೆ, ಅವಳು ಉಗ್ರಾಣದ ಕೆಲಸಕ್ಕೆ. ಹದಿನೆಂಟು ವರ್ಷದಲ್ಲಿ ಒಂದು ದಿನವೂ ತಪ್ಪಿಸದವಳು ಎಂಬ ಮಾತಿಗೂ ಮಣ್ಣು. ಅವಳಿಗೆ ಮೈಯೆಲ್ಲ ಉರಿಯಿತು. ಕಾಗದ ಮಡಚಿ ಚೀಲಕ್ಕೆ ತುರುಕಿ ಹೊರಟಳು.

ಸಂಜೆ ಅಕ್ಕನ ಫೋನು. "ಒಂದು ಸಹಿ ತಾನೆ? ಹಾಕಿ ಬಿಸಾಕು. ಮರೆತಿರ್ತೀಯ ಕಣೆ, ಸರಿಯಾಗಿ ಜ್ಞಾಪಿಸ್ಕೋ."

"ಮರೆಯೋಕೆ ಅದೇನು ನಿನ್ನ ಗಂಡನ ಹುಟ್ಟಿದಹಬ್ಬಾನಾ?" ಎಂದು ಇವಳು ಪಟ್ಟನೆ ಫೋನಿಟ್ಟಳು.

ಮರುದಿನದ ಸಭೆಯಲ್ಲಿ ನಿರ್ದೇಶಕಿಯ ಮುಂದೆ ಭಾವ ಗೋಡೆಯ ಮೇಲೆ ಗ್ರಹದ ಹೊಳಪಿನ ಏರಿಳಿತದ ಗೆರೆ ತೋರಿಸಿ, ಇದೆಲ್ಲ ತಂತ್ರಜ್ಞೆಯ ಅಜಾಗರೂಕತೆ ಎಂದ. ಥಂಡಿಯಮ್ಮ ಎದ್ದು ನಿಂತಳು.

"ಪಕ್ಕದ ನಕ್ಷತ್ರದ ಗೆರೆ ಎಲ್ಲಿ ಸರ್?"

ಭಾವನ ಮುಖ ಬಿಳಿಚಿತು. ಪ್ರತಿ ಚಿತ್ರದಲ್ಲೂ ಗ್ರಹದ ಜೊತೆ ಒಂದು ನಕ್ಷತ್ರ ಬೀಳುತ್ತದೆ. ಗ್ರಹದ ಹೊಳಪನ್ನು ಅದಕ್ಕೆ ಹೋಲಿಸಿ ಅಳೆಯುವುದು ಅಲ್ಲಿನ ಮೊದಲ ಪಾಠ. ಭಾವ ಅದನ್ನೇ ನುಂಗಿ ನೀರು ಕುಡಿದಿದ್ದ.

"ನಾನು ತಪ್ಪಿದ್ರೆ ಎರಡೂ ಕೆಡ್ಬೇಕಲ್ವಾ? ಯಂತ್ರಕ್ಕೆ ಗ್ರಹದ ಮೇಲಷ್ಟೇ ಸಿಟ್ಟಾ?"

ಯಾರೋ ಕಿಸಕ್ಕೆಂದರು. ನಿರ್ದೇಶಕಿ ಅಲ್ಲೇ ಆ ಗೆರೆಯನ್ನೂ ಎಳೆಸಿದಳು. ನಕ್ಷತ್ರದ ಗೆರೆ ಸ್ವಲ್ಪವೂ ಡೊಂಕಿಲ್ಲದೆ ನೆಟ್ಟಗಿತ್ತು.

"ಹಾಗಾದ್ರೆ ಅಲ್ಲಿರೋದು ಮೋಡ," ಎಂದಳು ನಿರ್ದೇಶಕಿ. "ಗ್ರಹ ತಿರುಗುವಾಗ ದಟ್ಟ ಮೋಡ ಈ ಕಡೆ ಬಂದ್ರೆ ಒಳಗಿನ ಶಾಖ ಮರೆಯಾಗುತ್ತೆ. ತೆಳು ಮೋಡ ಬಂದ್ರೆ ಕಾಣುತ್ತೆ. ನಿಮ್ಮ ಪುಸ್ತಕವನ್ನ ಇನ್ನೊಮ್ಮೆ ಬರೀಬೇಕು ಸ್ವಾಮಿ." ಭಾವ ಕುರ್ಚಿ ಒದ್ದು ಹೊರನಡೆದ.

ಥಂಡಿಯಮ್ಮ ಕಾಗದ ಹರಿದು ಬುಟ್ಟಿಗೆ ಹಾಕಿದಳು. ಖುಷಿಯಾಗಿತ್ತು, ಸುಳ್ಳೇಕೆ? ಭಾವನ ಬಿಳಿಚಿದ ಮುಖವನ್ನು ನೆನೆನೆನೆದು ಊಟದ ಡಬ್ಬಿ ಖಾಲಿ ಮಾಡಿದಳು. ಅಷ್ಟರಲ್ಲಿ ಮತ್ತೆ ಅಕ್ಕನ ಫೋನು.

"ಮಾನ ಕಳೆದೆಯಲ್ಲೇ! ಇನ್ನು ನನ್ನ ಮನೆ ಹೊಸ್ತಿಲು ತುಳೀಬೇಡ."

"ಅಕ್ಕಾ, ನಾನು ತಪ್ಪು ಮಾಡಿರ್ಲಿಲ್ಲ. ನಕ್ಷತ್ರದ ಗೆರೆ…"

"ಗೊತ್ತು. ಅದನ್ನ ಬೇಕಂತಲೇ ಬಿಟ್ಟಿದ್ದನ್ನ ಅವರು ನನಗೆ ನಿನ್ನೆನೇ ಹೇಳಿದ್ರು, ನಾನು ನಿನಗೆ ಫೋನ್ ಮಾಡೋಕೆ ಮುಂಚೆನೇ. ಆದ್ರೂ ನೀನು ಸಹಿ ಹಾಕ್ಬೇಕಿತ್ತು."

ಥಂಡಿಯಮ್ಮನಿಗೆ ಬೈಗುಳ ಎಷ್ಟು ಹುಡುಕಿದರೂ ಒಂದೂ ಸಿಗಲಿಲ್ಲ.

"ಸರಿ," ಎಂದಳು ಕೊನೆಗೆ. "ಬರಲ್ಲ."