ಹೊದಿಕೆಯ ಮೇಲಿನ ಕುಂಕುಮ

ರೆಕಾರ್ಡಿನ ಹೊದಿಕೆಗೆ ಅಂಟಿದ್ದ ಕುಂಕುಮವನ್ನು ಉಗುರಿನಿಂದ ಕೆರೆಯಲು ಹೋದೆ. ಮನೆಯಾಕೆ ಥಟ್ಟನೆ ಕಸಿದುಕೊಂಡರು. ಎಂಬತ್ತರ ದಶಕ, ಹೊಸೂರಿನ ಆಲಸನತ್ತಂ. ಟೇಪ್‌ರೆಕಾರ್ಡರ್ ಬಂತೆಂದು ಹಳೆಯ ಸಿನಿಮಾ ರೆಕಾರ್ಡುಗಳನ್ನು ಮಾರಲು ರೆಕಾರ್ಡು ಸಂಗ್ರಹಿಸುವ ಹುಚ್ಚಿದ್ದ ನನ್ನನ್ನು ಅವರೇ ಕರೆಸಿದ್ದರು. ನನ್ನ ಮೆಚ್ಚಿನ ಸಂಗೀತ ನಿರ್ದೇಶಕರ ರೆಕಾರ್ಡುಗಳಲ್ಲಿ ನನಗೆ ಸಿಗದೆ ಉಳಿದಿದ್ದು ಅದೊಂದೇ.

"ಈ ಕಲೆ ಇದ್ದರೆ ಬೆಲೆ ಬರಲ್ಲ," ಎಂದೆ.

"ಕಲೆ ಅಲ್ಲ ಕಣಪ್ಪ. ನಮ್ಮೆಜಮಾನ್ರು ಫ್ಯಾಕ್ಟರಿಗೆ ಸೇರಿದ ವರ್ಷ ಆಯುಧಪೂಜೇಲಿ ಇಕ್ಕಿದ್ದು. ಆ ಪ್ಲೇಯರ್ರು, ಈ ರೆಕಾರ್ಡು ಬಿಟ್ರೆ ಪೂಜೆ ಮಾಡಕ್ಕೆ ಮನೇಲಿ ಇನ್ನೇನಿತ್ತು?"

ಮಿಕ್ಕಿದ್ದೆಲ್ಲ ಕೊಟ್ಟರು. ಅದನ್ನು ಮಾತ್ರ ಒಳಗೆ ಒಯ್ದರು.

ಮುಂದೆ ಅದೇ ರೆಕಾರ್ಡಿನ ಇನ್ನೊಂದು ಪ್ರತಿ ಬೆಂಗಳೂರಿನ ಅಂಗಡಿಯೊಂದರಲ್ಲಿ ಸಿಕ್ಕಿತು. ಹೊದಿಕೆ ಚೊಕ್ಕವಾಗಿತ್ತು, ಒಂದು ಕಲೆಯೂ ಇರಲಿಲ್ಲ. ಎರಡು ಸಲ ತಿರುಗಿಸಿ ನೋಡಿ, ವಾಪಸಿಟ್ಟು ಬಂದೆ.