ಎರೆಮಣ್ಣಿನಲ್ಲಿ ಆರು ಕಿಲೋಮೀಟರ್

ಸೈನ್ಯದಲ್ಲಿ ನಾನು ನರ್ಸಿಂಗ್ ಅಸಿಸ್ಟೆಂಟ್. ಡಾಕ್ಟರಲ್ಲ, ಆದರೆ ಡಾಕ್ಟರು ಸಿಗುವವರೆಗೆ ಗಾಯಾಳುವಿನ ಪಕ್ಕದಲ್ಲಿ ಇರುವವನು ನಾನೇ. ಜೈನಾಪುರದ ಒಕ್ಕಲು ಮನೆಯವನು. ಬಬಲೇಶ್ವರದಲ್ಲಿ ಹೈಸ್ಕೂಲು, ವಿಜಯಪುರದಲ್ಲಿ ಪಿಯುಸಿ ಮುಗಿಸಿ ಭರ್ತಿಯಾದೆ. ಕೆಲವು ವರ್ಷ ಗಡಿಯಲ್ಲಿ ಇದ್ದ ಮೇಲೆ ನಮ್ಮ ಪಲ್ಟನ್ನನ್ನು ಶಾಂತಿಪಾಲನೆಗೆಂದು ದಕ್ಷಿಣ ಸುಡಾನಿಗೆ ಕಳಿಸಿದರು. ಸುದ್ದಿ ಹೇಳಿದಾಗ ಅವ್ವ ಒಂದೇ ಪ್ರಶ್ನೆ ಕೇಳಿದಳು.

"ಅಲ್ಲಿ ಜ್ವಾಳ ಬೆಳಿತಾರೇನೋ ಯಪ್ಪಾ?"

ನನಗೆ ಗೊತ್ತಿರಲಿಲ್ಲ. ಹೋಗಿ ನೋಡಿದರೆ ಗುಡಿಸಲುಗಳ ಸುತ್ತ ಆಳೆತ್ತರದ ಜೋಳ ನಿಂತಿತ್ತು. ಕಾಲ ಕೆಳಗೆ ನಮ್ಮ ಹೊಲದಂಥದೇ ಕಪ್ಪು ಎರೆಮಣ್ಣು. ಫೋಟೋ ತೆಗೆದು ತಂಗಿಯ ಮೊಬೈಲಿಗೆ ಕಳಿಸಿದೆ. ಅವಳನ್ನು ಟಿಕೋಟಾಕ್ಕೆ ಕೊಟ್ಟಿದ್ದೇವೆ. "ಅಣ್ಣಾ, ನೀ ನಮ್ಮ ಹೊಲದಾಗ ನಿಂತು ಚಾಷ್ಟಿ ಮಾಡಾಕತ್ತಿಲ್ಲಲ್ಲ?" ಎಂದು ಕೇಳಿದಳು.

ಅಲ್ಲಿ ನನ್ನ ದಿನ ನೀರಿನಿಂದ ಶುರುವಾಗುತ್ತಿತ್ತು. ಬೆಳಗಿನ ಐದಕ್ಕೆದ್ದು ಕ್ಯಾಂಪಿನ ಪ್ರತಿ ಟ್ಯಾಂಕಿನ ನೀರಿನಲ್ಲಿ ಕ್ಲೋರಿನ್ ಎಷ್ಟಿದೆ ಎಂದು ಪರೀಕ್ಷಿಸಬೇಕು. ಆಮೇಲೆ ಮಲೇರಿಯಾ ಮಾತ್ರೆ. ಅದನ್ನು ಕೈಗೆ ಕೊಟ್ಟು ಬಂದರೆ ಸಾಲದು. ಒಬ್ಬೊಬ್ಬನೂ ನನ್ನ ಕಣ್ಣೆದುರಿಗೇ ನುಂಗಿ ಬಾಯಿ ತೆರೆದು ತೋರಿಸಬೇಕು. ಆರಡಿ ಎತ್ತರದ ಹವಾಲ್ದಾರರು ನನ್ನ ಮುಂದೆ ಬಾಯಿ ತೆರೆದು ನಿಲ್ಲುವುದನ್ನು ನೋಡಿದರೆ ನಗು ತಡೆಯುವುದು ಕಷ್ಟವಾಗುತ್ತಿತ್ತು. ಎಂಟಕ್ಕೆ ರೋಗಿಗಳ ಸಾಲು. ಮಳೆಗಾಲವಿಡೀ ಬೂಟಿನೊಳಗೆ ಕೊಳೆತ ಬೆರಳ ಸಂದಿ, ಜ್ವರ, ಸೊಂಟನೋವು. ಒಬ್ಬ ಜವಾನನಿಗೆ ಮನೆಯಿಂದ ಫೋನು ಬರದಿದ್ದಾಗಲೆಲ್ಲ ತಲೆನೋವು. ಅವನಿಗೆ ಗುಳಿಗೆ ಕೊಡದೆ ಚಹಾ ಕೊಟ್ಟು ಕೂರಿಸಿಕೊಳ್ಳುತ್ತಿದ್ದೆ.

ಇದರ ನಡುವೆ ಗಸ್ತು. ಒಂದು ದಿನ ಸುಬೇದಾರ್ ಸಾಹೇಬರ ಜೊತೆ ನಾವು ಹತ್ತು ಜನ, ದನಗಾಹಿಗಳ ಹಟ್ಟಿಯೊಂದಕ್ಕೆ ಹೊರಟಿದ್ದೆವು. ಹಿಂದಿನ ದಿನ ಮಳೆ ಜಡಿದಿತ್ತು. ಹಟ್ಟಿ ಕಣ್ಣಿಗೆ ಬೀಳುವಷ್ಟರಲ್ಲಿ ನಮ್ಮ ಗಾಡಿ ಅಚ್ಚಿನವರೆಗೂ ಕೆಸರಿನಲ್ಲಿ ಕೂತಿತು. ಎಳೆಯಲು ಹೋದ ಎರಡನೆಯದೂ ಕೂತಿತು. ಅಷ್ಟರಲ್ಲಿ ಹಟ್ಟಿಯ ಕಡೆಯಿಂದ ಒಬ್ಬ ಹೆಂಗಸು ಕೈಬೀಸುತ್ತ ಓಡಿಬಂದಳು. ನಮ್ಮ ದುಭಾಷಿ ಅವಳ ಮಾತು ಕೇಳಿ ನನ್ನತ್ತ ತಿರುಗಿದ.

"ಇವಳ ಗಂಡನನ್ನು ಹೋರಿ ತಿವಿದಿದೆ. ಹೊಟ್ಟೆ ಹರಿದಿದೆಯಂತೆ."

ಚೀಲ ಹೆಗಲಿಗೇರಿಸಿ ಓಡಿದೆ. ಮರದ ಕೆಳಗೆ ಉದ್ದನೆಯ ಗಂಡಸೊಬ್ಬ ಅಂಗಾತ ಮಲಗಿದ್ದ. ಹೊಕ್ಕುಳ ಪಕ್ಕದ ಗಾಯದಿಂದ ಕರುಳು ಹೊರಬಂದಿತ್ತು. ಒಬ್ಬ ಮುದುಕ ಅದನ್ನು ಒಳಗೆ ತಳ್ಳಲು ಕೈ ಚಾಚಿದ್ದ. ನಾನು ಆ ಕೈ ಹಿಡಿದುಕೊಂಡೆ.

ಆ ಹೊತ್ತಿನಲ್ಲಿ ನನಗೆ ನೆನಪಾದದ್ದು ಪುಸ್ತಕದ ಪಾಠವಲ್ಲ, ನಮ್ಮ ಕಾಕಾ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅವನನ್ನು ನಮ್ಮದೇ ಹೋರಿ ಹೀಗೆಯೇ ತಿವಿದಿತ್ತು. ಅಪ್ಪ ಯಾರಿಗೂ ಗಾಯ ಮುಟ್ಟಗೊಡದೆ, ಒಗೆದ ಧೋತರ ನೀರಿನಲ್ಲಿ ತೋಯಿಸಿ ಮೇಲೆ ಹೊದಿಸಿ, ಟ್ರ್ಯಾಕ್ಟರಿನಲ್ಲಿ ವಿಜಯಪುರಕ್ಕೆ ಕರೆದೊಯ್ದಿದ್ದ. "ಹಸಿ ಬಟ್ಟಿ ಹಾಕಿದ್ದಕ್ಕ ಕರುಳು ಉಳದಾವ್ರಿ" ಎಂದು ಅಲ್ಲಿನ ಡಾಕ್ಟರು ಹೇಳಿದ್ದನ್ನು ನಾನೇ ಬಾಗಿಲಲ್ಲಿ ನಿಂತು ಕೇಳಿದ್ದೆ. ನಾನು ಈ ಕೆಲಸಕ್ಕೆ ಬಂದದ್ದೇ ಆ ಮಾತಿನಿಂದ.

ಸಲೈನಿನಲ್ಲಿ ತೋಯಿಸಿದ ಗಾಜ್ ಬಟ್ಟೆ ಹೊದಿಸಿದೆ. ಅದು ಒಣಗದಂತೆ ಮೇಲೆ ಪ್ಲಾಸ್ಟಿಕ್ ಹಾಳೆ. ಹೊಟ್ಟೆ ಬಿಗಿಯದಿರಲೆಂದು ಮೊಣಕಾಲು ಮಡಚಿಸಿ ಕೆಳಗೆ ಕಂಬಳಿ ಇಟ್ಟೆ. ತೋಳಿನ ನರ ಹುಡುಕಿ ಸೂಜಿ ಚುಚ್ಚಿ ಸಲೈನ್ ಏರಿಸಿದೆ. ಅವನು ನೀರು ಕೇಳಿದ. ಕೊಡಬೇಡಿ ಎಂದು ಎಲ್ಲರಿಗೂ ಹೇಳಿದೆ. ಕೈಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು. ಬಾಯಿ ಮಾತ್ರ ಯಾವಾಗ ಕನ್ನಡಕ್ಕೆ ಹೊರಳಿತೋ ತಿಳಿಯಲಿಲ್ಲ.

"ಏನೂ ಆಗೂದಿಲ್ಲೋ ಯಪ್ಪಾ. ಸುಮ್ನ ಮಲ್ಕೋ. ನಾ ಅದೇನಿ."

ಅವನಿಗೆ ಅರ್ಥವಾಗುವ ಮಾತಲ್ಲ. ಆದರೂ ನನ್ನ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದ.

ವೈರ್‌ಲೆಸ್‌ನಲ್ಲಿ ನಮ್ಮ ಮೇಜರ್ ಡಾಕ್ಟರು ಸಿಕ್ಕರು. ಮೋಡದಿಂದಾಗಿ ಹೆಲಿಕಾಪ್ಟರ್ ಏಳುವುದಿಲ್ಲ, ಆರು ಕಿಲೋಮೀಟರ್ ಈಚೆಗೆ ಡಾಂಬರು ರಸ್ತೆಯಿದೆ, ಆಂಬುಲೆನ್ಸ್ ಅಲ್ಲಿ ಬಂದು ನಿಲ್ಲುತ್ತದೆ ಎಂದರು. "ಅಲ್ಲಿಯವರೆಗೆ ಹೊತ್ತು ತರುತ್ತೀಯಾ?"

"ತರುತ್ತೇನೆ ಸಾಹೇಬ್."

ಸ್ಟ್ರೆಚರ್ ಹಿಡಿದ ಜವಾನರು ಗಾಡಿ ಬಂದ ಜಾಡಿಗೇ ಇಳಿಯತೊಡಗಿದರು. ನಾನು ತಡೆದೆ. ಎರೆಮಣ್ಣಿನಲ್ಲಿ ಗಾಲಿ ತುಳಿದ ಜಾಡು ಕಾಲನ್ನು ನುಂಗುತ್ತದೆ. ಹುಲ್ಲು ಬೇರುಬಿಟ್ಟ ಅಂಚು ಭಾರ ಹೊರುತ್ತದೆ. ಸುಬೇದಾರ್ ಸಾಹೇಬರು ಬೆಟ್ಟದ ಸೀಮೆಯವರು. "ನಿನಗೆ ಹೇಗೆ ಗೊತ್ತು?" ಎಂದರು.

"ಇಂಥ ಮಣ್ಣಲ್ಲೇ ಬೆಳೆದವನು ಸಾಹೇಬ್."

ದನಗಾಹಿಗಳೂ ಹುಲ್ಲಿನ ಕಡೆಗೇ ಕೈ ತೋರಿಸುತ್ತಿದ್ದರು. ಅವರಲ್ಲಿ ನಾಲ್ವರು ಬರಿಗಾಲಲ್ಲಿ ಸ್ಟ್ರೆಚರಿಗೆ ಹೆಗಲು ಕೊಟ್ಟರು. ಅವರು ದಣಿದಾಗ ನಮ್ಮವರು ಕೊಟ್ಟರು. ನಮ್ಮ ಬೂಟುಗಳಿಗೆ ಮಣ್ಣು ಅಂಟಿ ಒಂದೊಂದೂ ಕಲ್ಲುಗುಂಡಿನಷ್ಟು ಭಾರವಾಗಿತ್ತು. ನಾನು ಪಕ್ಕದಲ್ಲಿ ಸಲೈನ್ ಬಾಟಲಿ ಎತ್ತಿ ಹಿಡಿದು ನಡೆದೆ. ಅರ್ಧ ದಾರಿಯಲ್ಲಿ ಅವನ ನಾಡಿ ನೂಲಿನೆಳೆಯಷ್ಟು ಸಣ್ಣದಾಯಿತು. ಇಳಿಸಿ, ಎರಡನೆಯ ಬಾಟಲಿ ಏರಿಸಿ, ಬಟ್ಟೆ ಮತ್ತೆ ತೋಯಿಸಿದೆ. ಹೆಂಡತಿ ತಲೆಯ ಬಳಿ ಕೂತು ಏನೋ ಹೇಳುತ್ತಲೇ ಇದ್ದಳು. ಏನೆಂದು ದುಭಾಷಿಯನ್ನು ಕೇಳಿದೆ. "ಬೈಯುತ್ತಿದ್ದಾಳೆ. ಆ ಹೋರಿಯ ಹತ್ತಿರ ಹೋಗಬೇಡ ಅಂತ ಹೇಳಿದ್ದಳಂತೆ" ಎಂದ. ಆ ಸ್ಥಿತಿಯಲ್ಲೂ ಎಲ್ಲರಿಗೂ ನಗು ಬಂತು; ಸ್ಟ್ರೆಚರ್ ಮತ್ತೆ ಎದ್ದಿತು.

ಆಂಬುಲೆನ್ಸ್ ನಿಂತ ಜಾಗ ತಲುಪಲು ಮೂರು ತಾಸು ಹಿಡಿಯಿತು. ಸಂಜೆ ಕ್ಯಾಂಪಿನ ಆಸ್ಪತ್ರೆಯಲ್ಲಿ ಆಪರೇಷನ್ ಮುಗಿಸಿ ಹೊರಬಂದ ಮೇಜರ್ ಸಾಹೇಬರು ಮುಖಗವಸು ಕೆಳಗೆಳೆದು, "ಕರುಳು ಗುಲಾಬಿ ಬಣ್ಣದಲ್ಲೇ ಇತ್ತು. ಬದುಕುತ್ತಾನೆ. ಅರ್ಧ ಆಪರೇಷನ್ ಆ ಮರದ ಕೆಳಗೇ ಆಗಿತ್ತು" ಎಂದರು. ನಾನು ಸೆಲ್ಯೂಟ್ ಹೊಡೆದೆ. ಆಮೇಲೆ ನಲ್ಲಿಯ ಹತ್ತಿರ ಹೋಗಿ ಬೂಟು ತೊಳೆಯುತ್ತ ಬಹಳ ಹೊತ್ತು ಕೂತೆ.

ಮರುದಿನ ಪರೇಡಿನಲ್ಲಿ ಕಮಾಂಡಿಂಗ್ ಅಧಿಕಾರಿ ನನ್ನನ್ನು ಸಾಲಿನಿಂದ ಮುಂದೆ ಕರೆದರು. ಊರು ಯಾವುದೆಂದು ಕೇಳಿದರು. ಯಾವತ್ತೂ ಜಿಲ್ಲೆಯ ಹೆಸರು ಹೇಳಿ ಮುಗಿಸುತ್ತಿದ್ದವನು ಅಂದು ಜೈನಾಪುರ ಎಂದೇ ಹೇಳಿದೆ, ಗಟ್ಟಿಯಾಗಿ. ಇಡೀ ಪಲ್ಟನ್ ಚಪ್ಪಾಳೆ ತಟ್ಟಿತು.

ಅಪ್ಪನಿಗೆ ಫೋನು ಮಾಡಿದೆ. ಎಲ್ಲ ಕೇಳಿದ ಮೇಲೆ ಅವನು ಮೊದಲು ವಿಚಾರಿಸಿದ್ದು ಬಟ್ಟೆಯನ್ನು.

"ಬಟ್ಟಿ ತೋಯ್ಸಿ ಹಾಕಿದ್ಯಾ?"

"ಹೂಂನಪಾ."

"ಛಲೋ ಮಾಡ್ದಿ. ಹೋರಿ ಹ್ಯಾಂಗೈತಿ? ಅದನ್ನ ಬಡದು ಗಿಡದು ಮಾಡ್ಯಾರೇನು?"

ಹೋರಿಯ ಬಗ್ಗೆ ವಿಚಾರಿಸಿದವನು ಅವನೊಬ್ಬನೇ.

ವರ್ಷ ತುಂಬಿ ರಜೆಯ ಮೇಲೆ, ನಮ್ಮ ಕಡೆಯ ಮಾತಿನಲ್ಲಿ ಸೂಟಿಗೆ, ಬಂದೆ. ವಿಜಯಪುರದಲ್ಲಿ ರೈಲು ಇಳಿದರೆ ಸ್ಟೇಷನ್ನಿನಲ್ಲಿ ಅಪ್ಪ, ಟಿಕೋಟಾದ ತಂಗಿ, ಅವಳ ಗಂಡ. ಸ್ಟೇಷನ್ ರಸ್ತೆಯ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಅಪ್ಪ ಪಕ್ಕದ ಟೇಬಲಿನ ಅಪರಿಚಿತರಿಗೆ ಹೇಳತೊಡಗಿದ. "ಇವ ನಮ್ಮ ಮಗ ನೋಡ್ರಿ. ಹೊರದೇಶದಾಗ ಹೊಟ್ಟಿ ಹರದವನ್ನ ಉಳಿಸ್ಯಾನ. ಹತ್ತು ಕಿಲೋಮೀಟರ್ ಹೊತಗೊಂಡು ಬಂದಾರ."

"ಆರು, ಅಪ್ಪಾ."

"ಎರಿಮಣ್ಣಾಗ ಆರಂದ್ರ ಹತ್ತಽ ತಿಳಿ. ನೀ ಸುಮ್ನ ಚಾ ಕುಡಿ."

ಆ ಟೇಬಲಿನ ಹಿರಿಯರೊಬ್ಬರು ಎದ್ದು ಬಂದು ನನ್ನ ಕೈ ಹಿಡಿದು ಅಲುಗಾಡಿಸಿದರು. ಅಪ್ಪ ಗೋಡೆಯ ಕಡೆ ಮುಖ ಮಾಡಿ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡ.

ಜೈನಾಪುರ ತಲುಪಿದ ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು. ಒಬ್ಬ ಅಜ್ಜನಿಗೆ ಕಾಲಿನ ಹುಣ್ಣು, ಇನ್ನೊಬ್ಬರ ಬಿ.ಪಿ. ನೋಡಬೇಕು. ನಾನು ಡಾಕ್ಟರಲ್ಲವೆಂದು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹುಣ್ಣು ತೊಳೆದು ಕಟ್ಟಿ, ಆ ಅಜ್ಜನನ್ನು ಅಂದೇ ವಿಜಯಪುರದ ಆಸ್ಪತ್ರೆಗೆ ಹೊರಡಿಸಿದೆ. ಅವ್ವ ಎಲ್ಲರಿಗೂ ಚಹಾ ತಂದಳು.

"ಸೂಟಿಗೆ ಬಂದಾನೋ, ಡ್ಯೂಟಿಗೆ ಬಂದಾನೋ ಯಾರಿಗೊತ್ತ್ರೀ" ಎಂದಳು, ಓಣಿಗೆಲ್ಲ ಕೇಳುವಂತೆ.